ಐದಕ್ಕೆ ಹತ್ತು ನಿಮಿಷ

ಗ್ರಿಮ್ಸ್‌ಬಿಯ ಲೈಬ್ರರಿಯಲ್ಲಿ, ಐದಕ್ಕೆ ಹತ್ತು ನಿಮಿಷವಿರುವಾಗ
ನಾನು ಮೇಜಿನಿಂದ ಮೇಜಿಗೆ ಹೋಗಿ ಮೆಲ್ಲಗೆ ಹೇಳಬೇಕು:
ಉಳಿಸಿಕೊಳ್ಳಿ, ಐದಕ್ಕೆ ಯಂತ್ರ ತಾನೇ ಆರುತ್ತದೆ,
ಆರಿದ ಮೇಲೆ ಇಂದಿನದೇನೂ ಅದಕ್ಕೆ ನೆನಪಿರುವುದಿಲ್ಲ.
ಸಂಬಳಕ್ಕೆ ಹೇಳುವ ಮಾತು. ಆದರೂ ಕೆಲವು ಸಂಜೆ
ಡಂಗುರ ಹೊಡೆದಂತೆ ಕೇಳಿಸುತ್ತದೆ, ನನಗೇ.

ಎದೆಯ ಬಿಲ್ಲೆಯಲ್ಲಿ ನಾನು ಬರೀ ಮಂದಾ.
ಕಿನಿ ಹಿಡಿಸಲಿಲ್ಲ.

ಗುರುವಾರ ಮೂರನೆಯ ಕಂಪ್ಯೂಟರು ಮೋರೀನ್ ಟ್ಯಾಸ್ಕರಳದು.
ಕುರ್ಚಿಯ ಬೆನ್ನಿಗೆ ಒದ್ದೆ ಕೋಟು, ಕೋಟಿನಲ್ಲಿ ಮೀನುಕಟ್ಟೆಯ ಗಾಳಿ,
ಕೈಚೀಲದ ತಳದಿಂದ, ಪೆಪ್ಪರ್‌ಮಿಂಟುಗಳ ನಡುವಿಂದ
ರಬ್ಬರ್‌ಬ್ಯಾಂಡ್ ಸುತ್ತಿದ ಪೆನ್‌ಡ್ರೈವು.
ಬೇರೆಯವರ ಪರದೆ ನೋಡಬಾರದು, ನಿಯಮ.
ಆದರೆ ಆಕೆಯ ಕಣ್ಣಿಗೆ ಪೊರೆ; ಅಕ್ಷರಗಳು ಅಂಗೈಯಷ್ಟು,
ಭೂಪಟಗಳ ಕಪಾಟಿನಿಂದಲೇ ಓದಬಹುದು:

ನಾರ್ಮನ್ ಒಬ್ಬ ಒಳ್ಳೆಯ ಮನುಷ್ಯ.
‘ಒಳ್ಳೆಯ’ ಅಳಿಯುತ್ತದೆ. ‘ಕಷ್ಟದ’ ಬರುತ್ತದೆ.
‘ಕಷ್ಟದ’ ಹೋಗಿ ‘ಮೌನದ’. ಅದೂ ಹೋಗಿ
ಅರ್ಧ ಗಂಟೆ ಏನೂ ಇಲ್ಲ, ಮಿಣುಕುವ ಗೀಟು ಮಾತ್ರ.
ಶವಪೆಟ್ಟಿಗೆಯ ಮುಂದೆ ಓದಬೇಕಿದ್ದ ಮಾತು.
ಅದೆಲ್ಲ ಮುಗಿದು ಎರಡು ವರ್ಷ;
ಅಂದು ಪಾದ್ರಿಯೇ ಏನೋ ಹೇಳಿ ಸುಧಾರಿಸಿದರಂತೆ.

ಐದಕ್ಕೆ ಹತ್ತು. ಮೋರೀನ್ ಮುಚ್ಚಹೋಗುತ್ತಾಳೆ.
ಪರದೆಯ ಮೇಲೊಂದು ಪೆಟ್ಟಿಗೆ ಎದ್ದು ಕೇಳುತ್ತದೆ:
ಬದಲಾವಣೆಗಳನ್ನು ಉಳಿಸಬೇಕೆ?
ಉಳಿಸು. ಉಳಿಸಬೇಡ. ರದ್ದು.
ಪ್ರತಿ ಗುರುವಾರ ನಡುವಿನದನ್ನೇ ಒತ್ತುತ್ತಾಳೆ,
ಮಲಗುವ ಮುಂಚೆ ಅಡುಗೆಮನೆಯ ದೀಪ ಆರಿಸುವವಳ ಹಾಗೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು
ಎಂದು ಕೇಳಿ ಬೆಳೆದವಳು ನಾನು.
ಇಲ್ಲಿ ನೋಡಿದರೆ ಆಡಿ, ಒಡೆದು,
ಮತ್ತೆ ಇಡಿಯಾಗಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹಿಡಿಯುತ್ತಾಳೆ.

ಒಮ್ಮೆ ಕೇಳಿದೆ, ಏನು ಕೆಲಸ ಮಾಡಿಕೊಂಡಿದ್ದರು?
ದೋಣಿಯ ಬಡಗಿ, ಎಂದಳು. ನಮ್ಮ ಹಿತ್ತಲ ಬಾಗಿಲು ಮಾತ್ರ
ಹನ್ನೊಂದು ವರ್ಷ ಸರಿಯಾಗಿ ಹಾಕಿಕೊಳ್ಳಲಿಲ್ಲ,
ನಾಳೆ ಕೆತ್ತುತ್ತೇನೆ, ನಾಳೆ.
ಅವನ ಉಳಿಗಳು ಇನ್ನೂ ಎಣ್ಣೆಬಟ್ಟೆಯಲ್ಲಿವೆ.

ನನ್ನ ನುಡಿಯಲ್ಲಿ ಉಳಿ ಅಂದರೆ ಅದೇ, ಕೆತ್ತುವುದು;
ಉಳಿ ಅಂದರೆ ಹೋಗಬೇಡ, ಇರು ಎಂದೂ ಹೌದು.
ಹೇಳೋಣವೆಂದುಕೊಂಡೆ.
ಅಷ್ಟರಲ್ಲಿ ಜೆರಾಕ್ಸ್ ಯಂತ್ರದಲ್ಲಿ ಯಾರದೋ ಕಾಗದ ಸಿಕ್ಕಿಕೊಂಡಿತು.

ಕಳೆದ ವಾರ ಪೆನ್‌ಡ್ರೈವು ಮರೆತು ಹೋದಳು.
ಸಿಕ್ಕಿದ್ದನ್ನು ತೆರೆದು, ಯಾರದೆಂದು ನೋಡಿ ಚೀಟಿ ಅಂಟಿಸಬೇಕು,
ಅದೂ ನಿಯಮ.
ಯಾರದೆಂದು ನನಗೆ ಗೊತ್ತಿತ್ತು. ಮೂರು ದಿನ ತಡೆದೆ. ನಿನ್ನೆ ತೆರೆದೆ.
ಒಂದೇ ಕಡತ. ಕೊನೆಯ ಸಲ ಉಳಿಸಿದ್ದು
ಎರಡು ವರ್ಷದ ಹಿಂದಿನ ಮಾರ್ಚಿನಲ್ಲಿ, ರಾತ್ರಿ ಮೂರೂ ಹತ್ತಕ್ಕೆ.
ಒಳಗೆ ಒಳ್ಳೆಯ ಇಲ್ಲ, ಕಷ್ಟದ ಇಲ್ಲ, ಮನುಷ್ಯನೂ ಇಲ್ಲ.

ನಾರ್ಮನ್ ಒಬ್ಬ

ಅಷ್ಟೇ. ಚುಕ್ಕಿಯೂ ಇಲ್ಲ.
ಮುಚ್ಚುವ ಅವಸರಕ್ಕೆ ಹೆಬ್ಬೆರಳು
ಎಲ್ಲಕ್ಕಿಂತ ಉದ್ದದ ಕೀಲಿಗೆ ತಾಗಿರಬೇಕು.
ಪೆಟ್ಟಿಗೆ ಎದ್ದಿತು. ಈ ಸಲ ಕೇಳಿದ್ದು ನನ್ನನ್ನು.
ಏನು ಬದಲಾಗಿದೆ? ಕಣ್ಣಿಗೆ ಏನೂ ಇಲ್ಲ.
‘ಒಬ್ಬ’ ಆದ ಮೇಲೆ ಒಂದು ತೆರಪು,
ಮುಂದಿನ ಪದ ಬಂದರೆ ಕೂರಲು ಬೇಕಾಗುವಷ್ಟು.

ನನ್ನದಲ್ಲದ ಮನೆಯಲ್ಲಿ ಕುರ್ಚಿ ಎಳೆದಿಟ್ಟ ಹಾಗೆ
‘ಉಳಿಸು’ ಒತ್ತಿಬಿಟ್ಟೆ.

ರಬ್ಬರ್‌ಬ್ಯಾಂಡ್ ಸುತ್ತಿಟ್ಟಿದ್ದೇನೆ, ಇದ್ದಷ್ಟೇ ಸುತ್ತು, ಎಣಿಸಿ.
ಆದರೆ ಕಡತದ ತಾರೀಖು ನಿನ್ನೆಯದು.
ಮಾರ್ಚಿನ ಆ ರಾತ್ರಿಯ ಮೂರೂ ಹತ್ತು
ನನ್ನ ಕೈಯಿಂದ ಹೋಯಿತು, ಅದಕ್ಕೆ ರದ್ದು ಇಲ್ಲ.

ಇವತ್ತು ಬುಧವಾರ.
ಆಕೆ ತಾರೀಖು ನೋಡುವವಳೋ ಅಲ್ಲವೋ.