ಅಂಚು ಕತ್ತರಿಸಿಲ್ಲ

ಹದಿನಾಲ್ಕು ಕಟ್ಟು. ಜೀಪಿನಿಂದ ಇಳಿಸಿದವನು
ಬೆಲೆ ಕೇಳುವ ಮೊದಲೇ ಬಣ್ಣ ಹೇಳಿದ:
ಕಡುಗೆಂಪು ಚರ್ಮ, ಬೆನ್ನಿಗೆ ಚಿನ್ನದ ಗೆರೆ.
ಸಕಲೇಶಪುರದಾಚೆ ಅವನ ಹೋಂಸ್ಟೇ,
ಗಾಜಿನ ಬೀರು, ಒಂಬತ್ತಿಂಚಿನ ಅರೆ.
"ಒಳಗೇನಿದೆ ಸಾರ್?"
"ಹಳೇ ದೊರೆಯ ಕಾಗದ. ಆಫ್ರಿಕಾದಲ್ಲಿದ್ದನಂತೆ.
ಯಾರು ಓದುತ್ತಾರೆ ಬಿಡಮ್ಮ, ಎಲ್ಲ ಒಂದೇ ಎತ್ತರಕ್ಕೆ ಬರಬೇಕು."

ಹಾಸನದ ಕೋರ್ಟಿನ ಹಿಂದೆ ನನ್ನಂಗಡಿ.
ಅಪ್ಪ ಇನ್ನಾಸಪ್ಪ ಹೊಲಿದದ್ದು ಕ್ರಯಪತ್ರ, ವಿಭಾಗಪತ್ರ,
ಅಣ್ಣತಮ್ಮಂದಿರ ಜಗಳವನ್ನೆಲ್ಲ ಒಂದೇ ದಾರದಲ್ಲಿ.
ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕು,
ಓದಬೇಡ, ಎನ್ನುತ್ತಿದ್ದ;
ಓದಿದರೆ ಕೈ ನಿಧಾನವಾಗುತ್ತೆ.
ಪಿಯುಸಿ ಇಂಗ್ಲಿಷಿನಲ್ಲಿ ನನಗೆ ಬಂದದ್ದು ಮೂವತ್ತೇಳು.
ಕೈ ನಿಧಾನವಾಗಲು ಅಷ್ಟು ಸಾಕಾಯಿತು.

ಕಾರ್ಸ್‌ವೆಲ್ ದೊರೆ. ನ್ಯಾಸಾಲ್ಯಾಂಡ್, ಹದಿನೆಂಟು ವರ್ಷ.
ದುಂಡು ಅಕ್ಷರ, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಸಾಲಾಗಿ.
ಮಳೆ ಎಷ್ಟಿಂಚು, ಸೇತುವೆಗೆ ಎಷ್ಟು ದಿಮ್ಮಿ,
ಡೇರೆಯೊಳಗೆ ಗೆದ್ದಲು ತಿಂದ ಬೂಟು,
ತಂಗಿಗೆ ಬರೆದು ಕಳಿಸದೆ ಉಳಿದ ಪತ್ರದಲ್ಲಿ
ನಾಯಿ ಸತ್ತ ರಾತ್ರಿ, ಎರಡೂವರೆ ಪುಟ.
ನನಗೂ ಗಂಟಲು ಕಟ್ಟಿತು, ಸುಳ್ಳು ಹೇಳಲಾರೆ.
ಅದರ ಬೆನ್ನಿಗೇ ಗುಡಿಸಲು ತೆರಿಗೆಯ ಲೆಕ್ಕ:
ಸೋಮವಾರ, ಗುಡಿಸಲು ಇನ್ನೂರ ಹನ್ನೆರಡು.
ಗುರುವಾರ, ಇನ್ನೂರ ಒಂಬತ್ತು.
ನಡುವೆ ಒಂದು ಸಾಲು:
ಹವೆ ಒಣ. ಗಾಳಿ ಇರಲಿಲ್ಲ. ಕೆಲಸ ಸುಸೂತ್ರ.

ಮೂರು.
ಟೀ ತಂದ ಹುಡುಗ ಲೋಟ ಇಟ್ಟು ಹೋದ, ಕೆನೆ ಕಟ್ಟಿತು.
ಹೊಲಿಗೆ ಬಿಚ್ಚಿ ಹಿಂದೆ ಮುಂದೆ ಮಾಡಿ ನೋಡಿದೆ,
ನಡುವಿನ ಹಾಳೆ ಎಲ್ಲಾದರೂ ಕಳಚಿದೆಯೋ ಎಂದು.
ಕಳಚಿಲ್ಲ. ಪುಟಸಂಖ್ಯೆ ಸರಿಯಾಗಿದೆ.

ಆಮೇಲೆ ಪಿಂಚಣಿ, ಹಡಗು, ಮಂಗಳೂರು, ಇಲ್ಲಿಯ ಗುಡ್ಡ.
ಏಳನೇ ಕಟ್ಟಿನಿಂದ ಬರೀ ಕಾಫಿ.
ಅಲ್ಲಿಂದ ತಂದ ಖಾಲಿ ರಿಜಿಸ್ಟರಿನಲ್ಲೇ
'ಗುಡಿಸಲು' ಹೊಡೆದುಹಾಕಿ 'ಲೈನುಮನೆ',
'ಹೊರೆಯಾಳು' ಹೊಡೆದುಹಾಕಿ 'ಮೇಸ್ತ್ರಿ, ಗ್ಯಾಂಗು'.
ಶಾಯಿಯೂ ಅದೇ.

ಮತ್ತೆ ಐದಕ್ಕೆ ಬಂದೆ; ಬಿಟ್ಟು ಮುಂದೆ ಹೋಗಿದ್ದೆ ಅದನ್ನು.
ಪುಟಕ್ಕೆ ನಾಲ್ಕೈದು ಹೆಬ್ಬೆಟ್ಟು, ಕೆಳ ಅಂಚಿನಲ್ಲಿ, ನೇರಳೆ.
ಒಟ್ಟು ನಲವತ್ತೊಂದು. ದೊರೆಯ ಹೊರೆ ಹೊತ್ತವರು,
ತಲೆಗೆ ಐವತ್ತು ಪೌಂಡು. ಹೆಸರಿನ ಜಾಗದಲ್ಲಿ ನಂಬರು.
ಹೆಬ್ಬೆಟ್ಟು ನನಗೇನು ಹೊಸದೇ? ಕೋರ್ಟಿನ ಕಾಗದದಲ್ಲಿ
ಹೊಲ ಕಳಕೊಂಡ ಬೆರಳುಗಳ ಸುಳಿ ನೋಡುತ್ತಲೇ ಬೆಳೆದವಳು;
ನಮ್ಮಜ್ಜಿಯದೂ ಇದೆ ಯಾವುದೋ ಕಟ್ಟಿನಲ್ಲಿ.
ಒಂದೇ ಒಂದರ ಕೆಳಗೆ, ಸೀಸದಕಡ್ಡಿಯಲ್ಲಿ,
ದೊರೆಯದಲ್ಲದ ಕೈ, ಒಂದೊಂದೇ ಅಕ್ಷರ ಒತ್ತಿ ಒತ್ತಿ:
ಚಿಕೊಂಡಿ.
ಅವರ ಭಾಷೆಯಲ್ಲಿ ಏನರ್ಥವೋ. ಗಂಡೋ ಹೆಣ್ಣೋ.
ನನ್ನ ಕಿವಿಗೆ ಕೇಳಿದ್ದು ಚಿಕ್ಕ ಕೊಂಡಿ,
ದಪ್ಪ ಪುಸ್ತಕ ಬಾಯಿ ಬಿಡದಂತೆ
ಅಪ್ಪ ಹಾಕುತ್ತಿದ್ದ ಹಿತ್ತಾಳೆಯದು.

ಒಂಬತ್ತಿಂಚಿಗೆ ತರಲು ಮುಕ್ಕಾಲಿಂಚು ಹೋಗಬೇಕು.
ಕಟಿಂಗ್ ಮಿಷನ್ನಿನ ಚಕ್ರ ತಿರುಗಿಸಿದೆ.
ಅಲುಗು ಇಳಿಯುವ ಗೆರೆ ನೆಟ್ಟಗೆ
ಸುಳಿಗಳ ನಡುಮಧ್ಯೆ.
ಅಂಗಡಿ ಬಾಡಿಗೆ ಹತ್ತನೇ ತಾರೀಕಿಗೆ.
ಚಕ್ರ ಹಿಂದಕ್ಕೆ ತಿರುಗಿಸಿದೆ.

ಧೈರ್ಯ ಗೀರ್ಯ ಅಲ್ಲ ಅದು. ಮಿಕ್ಕ ಹದಿಮೂರನ್ನೂ ಕತ್ತರಿಸಿದೆ;
ನಾಯಿಯ ರಾತ್ರಿಯ ಕೊನೆಯ ಸಾಲು ಹೋಯಿತು, ಪಾಪ.
ಕಸದ ಬುಟ್ಟಿ ತುಂಬ ಶಾವಿಗೆಯಂತೆ
ದೊರೆಯ ಅಕ್ಷರದ ಬಾಲ.

ಶನಿವಾರ ಬಂದ. ಬೆನ್ನು ಸವರಿದ. ಚಿನ್ನ ಮೆಚ್ಚಿದ.
"ಇದೊಂದು ಯಾಕಮ್ಮ ಉದ್ದ? ಸಾಲಲ್ಲಿ ನಿಲ್ಲಲ್ಲ."
"ಅಡ್ಡ ಮಲಗಿಸಿ ಸಾರ್."
ಬಿಲ್ಲು ಬರೆದೆ: ಚರ್ಮ, ದಾರ, ಅಂಟು, ಕೂಲಿ.
ಐದನೆಯದು ಅಂಚು ಕತ್ತರಿಸಿಲ್ಲ,
ಆ ಬಾಬ್ತು ನಲವತ್ತು ಕಡಿಮೆ.
ಅವನು ಐವತ್ತು ಹಿಡಿದುಕೊಂಡ.