ಹುಟ್ಟಿನ ಸದ್ದು

ಮೂರು ದಿನ ಹಳಸಿದ ಮುಂಬಯಿ ಪೇಪರು
ಸ್ಟೀಮರಿನಲ್ಲಿ ಬಂತು.
ಕೋಡಿಬಾಗದ ದೋಣಿಯಲ್ಲಿ ಕೂತು
ಗಟ್ಟಿಯಾಗಿ ಓದಿದೆ, ಏಳನೇ ಇಯತ್ತೆಯ ಗತ್ತಿನಲ್ಲಿ:
ಉತ್ತಮ ಚಿತ್ರ. ಉತ್ತಮ ನಟಿ
ಬಿಳಿ ಸೀರೆಯುಟ್ಟು ಬೊಂಬೆ ಹಿಡಿದು ನಿಂತಿದ್ದಾಳೆ,
ಶಾಯಿ ಹರಡಿ ಅವಳಿಗೂ ಮೀಸೆ.
ಎಲ್ಲ ಮುಗಿದ ಮೇಲೆ, ಬೀಡಿ ಜಾಹೀರಾತಿಗೆ ತಾಗಿ,
ಉತ್ತಮ ಧ್ವನಿಗ್ರಹಣ.

‘ಆ ಕನ್ನಡಕದವನೇನೋ?’
ಹುಟ್ಟು ನಿಲ್ಲಿಸದೆ ಕೇಳಿದ ಪುರ್ಸು ಅಂಬಿಗ.
ಪೆಟ್ಟಿಗೆ, ತಂತಿ, ಕೋಲಿಗೆ ಕಟ್ಟಿದ ಮೈಕು ಹೊತ್ತು ಬಂದಿದ್ದನಂತೆ.
ಸದಾಶಿವಗಡಕ್ಕೆ ಹನ್ನೊಂದು ಸಲ
ಹೋದದ್ದೇ, ಬಂದದ್ದೇ.
ಮಾತಾಡಬೇಡ, ಕೆಮ್ಮಬೇಡ;
ಕಾಳಿ ಹೊಳೆಗೂ ಕೈಸನ್ನೆ ಮಾಡಿದನಂತೆ, ತುಸು ಮೆಲ್ಲಗೆ ಎಂದು.
ಹನ್ನೊಂದು ಸಲದ ಬಾಡಿಗೆ ಕೊಟ್ಟ,
ಮೇಲೊಂದು ಸಿಗರೇಟು.

ಆ ಪಿಕ್ಚರು ಕಾರವಾರದ ಟೆಂಟಿಗೆ ಬಂದದ್ದು ಮರುವರ್ಷ.
ನೆಲದ ಟಿಕೇಟಿನಲ್ಲಿ ನಾವಿಬ್ಬರೂ.
ಪರದೆಯ ಮೇಲೆ ಯಾರದೋ ದೋಣಿ, ಯಾವುದೋ ಹೊಳೆ,
ನಟಿ ಅಳುತ್ತಿದ್ದಾಳೆ, ಊರೇ ಅಳುತ್ತಿದೆ.
ಪುರ್ಸು ಮಾತ್ರ ಕಣ್ಣು ಮುಚ್ಚಿ:
ಕಿರ್ರ್, ಚುಳಕ್.
ಕಿರ್ರ್, ಚುಳಕ್.

‘ಎಡಗಡೆ ಹುರಿ ಸಡಿಲಾಗಿತ್ತು ನೋಡು ಆಗ,’ ಅಂದ
ನಾಚಿಕೊಂಡವನಂತೆ.
ಬೆಳಗಾಗುವುದರೊಳಗೆ ಹುರಿ ಬಿಗಿದು
ಮೀನೆಣ್ಣೆ ಹಚ್ಚಿದ್ದ.

ಆಮೇಲೆ ಎಷ್ಟು ಸಲ ದಾಟಿದೆನೋ.
ಚುಳಕ್ ಇತ್ತು.