ಕಡವಾಡದ ದರ್ಬಾರು

ಮಳೆಗಾಲಕ್ಕೆ ಇನ್ನೂ ಹದಿನೈದು ದಿನ ಇರುವಾಗ
ಬೈತಖೋಲಕ್ಕೆ ಬಂದಿಳಿದ ತಿಲ್ಲಾರ್ಡ ಸಾಹೇಬ,
ಇಂಗ್ಲೀಷರ ರಾಜನ ವಕೀಲ.
ಮೇಣದ ಮುದ್ರೆಯ ಪತ್ರ, ಆಳೆತ್ತರದ ಕನ್ನಡಿ,
ಕೆಂಪು ಸಕಲಾತಿ ಹದಿನೆಂಟು ಮೊಳ,
ತಾನೇ ಗಂಟೆ ಹೊಡೆವ ಗಡಿಯಾರ, ಜೋಡಿ ನಾಯಿ.
ನಾಯಿಗಳಲ್ಲಿ ಒಂದು ಸಮುದ್ರದಲ್ಲೇ ಸತ್ತಿತ್ತು;
ಪಟ್ಟಿಯಲ್ಲಿ ಎರಡೂ ಬದುಕಿದ್ದವು.

ನಾನು ಪುರ್ಸು ಶೆಣವಿ, ಕೋಠಿಯ ದುಭಾಷಿ.
ತಿಂಗಳಿಗೆ ನಾಲ್ಕು ಹೊನ್ನು, ವರ್ಷಕ್ಕೊಂದು ಪಂಚೆ,
ಎರಡೂ ಕಡೆಯ ಬೈಗುಳ ಪುಕ್ಕಟೆ.

ಪಾದಶಹರ ಮುಂದೆ ಹೇಗೆ ನಿಲ್ಲಬೇಕು, ಕಲಿಸು ಅಂದ.
ನನಗೇನು ಗೊತ್ತು? ಕಂಡವರ ಬಾಯಲ್ಲಿ ಕೇಳಿದ್ದಷ್ಟೇ:
ಮೂರು ಸಲ ಬಾಗುವುದು,
ಬೆನ್ನು ತೋರಿಸದೆ ಹಿಂದೆ ಹಿಂದೆ ಸರಿಯುವುದು,
ಕೆಮ್ಮು ಬಂದರೆ ನುಂಗುವುದು.
ಆದರೆ ಪಾದಶಹರಾಗಿ ಕೂರಲು ಒಬ್ಬರು ಬೇಕಲ್ಲ.
ಸುದ್ದಿ ಘಟ್ಟ ಹತ್ತಿದರೆ ತಲೆ ಉಳಿಯದು ಎಂದು
ಗುಮಾಸ್ತರೆಲ್ಲ ಜಾರಿಕೊಂಡರು.
ಕಡೆಗೆ ನಮ್ಮಜ್ಜಿಯನ್ನು ಕೂರಿಸಿದೆ.

ಶಾಂತೇರಿ ಅಜ್ಜಿ. ಬೋಳುತಲೆಯ ಮೇಲೆ ಕೆಂಪು ಸೆರಗು,
ಕವುಚಿ ಹಾಕಿದ ಕೊಳಗವೇ ಸಿಂಹಾಸನ.
"ಹತ್ತು ಮಾರು ಆಚೆಗೇ ನಿಲ್ಲಲಿ, ನಾನು ಮಡಿಯಲ್ಲಿದ್ದೇನೆ."
ಸಾಹೇಬನಿಗೆ ಹೇಳಿದೆ: ದರ್ಬಾರಿನ ರೀತಿಯೂ ಇದೇ.

ಬಾಗಿದ. ಟೋಪಿಯ ಗರಿ ಸಗಣಿನೆಲವನ್ನು ಗುಡಿಸಿತು.
ಪತ್ರ ಓದಿದ, ಒಂದಕ್ಷರ ಬಿಡದೆ:
ಸಮುದ್ರದಾಚೆಯ ಸೋದರನಿಂದ ಸೋದರನಿಗೆ,
ಮೆಣಸಿನ ಮಾತು, ಸುಂಕದ ಮಾತು,
ಕೋಠಿಗೊಂದು ಕಲ್ಲಿನ ಗೋಡೆ ಕಟ್ಟಿಕೊಳ್ಳುವ ಮಾತು.
ಕೊಂಕಣಿಗೆ ತಿರುಗಿಸಿದೆ, ಇದ್ದದ್ದು ಇದ್ದ ಹಾಗೆ.
ಅಜ್ಜಿಗೆ ಯಾಕೆ ಸುಳ್ಳು ಹೇಳಲಿ?

ಅಜ್ಜಿ ಬಿಸಿಲಿಗೆ ಕೈ ಅಡ್ಡ ಹಿಡಿದು ಅವನನ್ನು ನೋಡಿದಳು,
ತಾಯಿ ಸತ್ತ ಕರುವನ್ನು ನೋಡುವ ಹಾಗೆ.
"ಜೇವ್ಲೋ ವೇ ತೋ?"
ಪಾದಶಹರು ಏನಂದರು, ಕೇಳಿದ ಸಾಹೇಬ.
ಉಂಡೆಯಾ ಎಂದು ಕೇಳುತ್ತಿದ್ದಾರೆ, ಅಂದೆ.
ಇಲ್ಲ, ಅಂದ.
ಅಂಗಳದ ಅಂಚಿನಲ್ಲಿ ಎಲೆ ಹಾಸಿ ಗಂಜಿ ಬಡಿಸಿದರು, ಮಿಡಿ ಉಪ್ಪಿನಕಾಯಿ.
ಖಾರಕ್ಕೋ ಏನೋ, ಕಣ್ಣೊರೆಸಿಕೊಂಡ.

ಕದ್ರೆಯವರೆಗೆ ದೋಣಿ, ಆಮೇಲೆ ಎತ್ತು.
ಸೂಪೆಯ ಹತ್ತಿರ ಎತ್ತು ಮುಗ್ಗರಿಸಿ ಕನ್ನಡಿ ನಾಲ್ಕು ಚೂರಾಯಿತು.
ಒಂದೊಂದರಲ್ಲೂ ಒಬ್ಬೊಬ್ಬ ಸಾಹೇಬ, ನಾಲ್ವರದೂ ಬಾಯಿ ತೆರೆದಿತ್ತು.

ಹನ್ನೊಂದು ತಿಂಗಳು.
ಪಾದಶಹರ ಡೇರೆ ಊರಿಂದೂರಿಗೆ ನಡೆಯುತ್ತಿತ್ತು,
ಅದರ ಧೂಳಿನಲ್ಲಿ ನಾವು.
ಗಡಿಯಾರ ಒಬ್ಬ ದಿವಾನನಿಗೆ, ಸಕಲಾತಿ ಅವನ ಭಾವನಿಗೆ;
ನಾಯಿಯನ್ನು ಯಾರೂ ಒಳಗೆ ಬಿಡಲಿಲ್ಲ.

ಕೊನೆಗೊಂದು ದಿನ ನಮ್ಮನ್ನು ಬಿಟ್ಟರು.
ಪರದೆ. ಪರದೆಯ ಹಿಂದೆ ಯಾರೋ ಕೆಮ್ಮಿದರು.
ಅವರು ನುಂಗಬೇಕಾಗಿರಲಿಲ್ಲ.
ನಮ್ಮ ದೊರೆ ತಮ್ಮ ಸೋದರ, ಎಂದು ಶುರು ಮಾಡಿದ ಸಾಹೇಬ.
ತಮ್ಮ ಪಾದದ ಧೂಳು, ಎಂದೆ ನಾನು.
ನನಗಿರುವುದೂ ಒಂದೇ ಕುತ್ತಿಗೆ.
ಮುನ್ಶಿ ಪತ್ರವನ್ನು ಒಡೆಯದೆ ಚೀಲಕ್ಕೆ ಹಾಕಿದ:
ನೋಡೋಣ.
ಬಹಳ ಸಂತೋಷವಾಯಿತಂತೆ, ಎಂದು ಈ ಕಡೆಗೆ ತಿರುಗಿಸಿದೆ.

ಹಿಂದೆ ಬರುವಾಗ ಘಟ್ಟದ ಜ್ವರ ಅವನ ಜೊತೆಗೇ ಇಳಿಯಿತು.
ಕೋಠಿಯ ಮಾಳಿಗೆಯಲ್ಲಿ ಮಲಗಿಕೊಂಡೇ
ಲಂಡನ್ನಿಗೆ ವರದಿ ಬರೆಸಿದ, ಕಣ್ಣು ಮುಚ್ಚಿ, ನಿಧಾನವಾಗಿ:
ಗೌರವದಿಂದ ಬರಮಾಡಿಕೊಂಡರು.
ಪತ್ರವನ್ನು ಮೊದಲಿಂದ ಕೊನೆಯವರೆಗೆ ಕೇಳಿದರು.
ಊಟವಾಯಿತೇ ಎಂದು ಖುದ್ದು ವಿಚಾರಿಸಿದರು.

ಲೇಖಣಿ ಒಂದು ಕ್ಷಣ ತಡೆಯಿತು.
ತಿದ್ದಲಿಲ್ಲ. ಮೂರರಲ್ಲಿ ಒಂದೂ ಸುಳ್ಳಲ್ಲ,
ಊರಿನ ಹೆಸರು ಮಾತ್ರ ಬೇರೆ.
ಶಾಯಿ ಆರಲೆಂದು ಮರಳು ಉದುರಿಸಿದೆ, ಕಾಳಿ ದಂಡೆಯ ಮರಳು.

ಮನೆಗೆ ಬಂದಾಗ ಅಂಗಳದಲ್ಲಿ ಆ ನಾಯಿ,
ಅಜ್ಜಿಯಿಂದ ಹತ್ತು ಮಾರು ಆಚೆ,
ಎಲೆ ಎಸೆಯುವ ಹೊತ್ತಿಗೆ ಕಾಯುತ್ತಿತ್ತು.